ಕೊನೆಯವರ ಸರದಿ

ಗೂಡ್ಸ್ ಗಾಡಿ ನಿಲ್ಲುವಾಗ ಒಂದು ಸದ್ದು ಬರುತ್ತದೆ. ಎಂಜಿನ್ನಿನ ಹಿಂದಿನ ಡಬ್ಬಿಗೆ ಅದರ ಹಿಂದಿನದು ಬಡಿದು, ಅದಕ್ಕೆ ಮತ್ತೊಂದು ಬಡಿದು, ಖಣ್ ಖಣ್ ಖಣ್ ಎಂದು ಆ ಪೆಟ್ಟು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ, ಅಟ್ಟದ ಮೇಲಿನ ಪಾತ್ರೆಗಳು ಒಂದೊಂದಾಗಿ ಉರುಳಿಬಿದ್ದ ಹಾಗೆ. ಹಳಿಯ ಈಚೆ ಬದಿಯ ಮನೆಯಲ್ಲಿ ಅವಳು ಜಡೆ ಹಾಕಿಕೊಳ್ಳುತ್ತಿದ್ದಳು. ಕೈ ಅರ್ಧಕ್ಕೇ ನಿಂತಿತು.

"ನಿಂತೋಯ್ತಾ?" ಒಳಕೋಣೆಯಿಂದ ಅತ್ತೆ ಕೇಳಿದರು.

"ನಿಂತೋಯ್ತು."

"ಇವತ್ತು ಗುರುವಾರ ಅಲ್ವೇನೇ?"

ಅವಳು ಉಳಿದರ್ಧ ಜಡೆ ಹೆಣೆದಳು. ಗುರುವಾರ ಅಂದರೆ ಏನೆಂದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಗಂಡನಿಗೆ ಅದು ವಾರದ ಇನ್ನೊಂದು ದಿನ, ಅಷ್ಟೇ.

ಈ ಮನೆ ಹಿಡಿಯುವಾಗ ಅವರು ಮಾಡಿದ ತಪ್ಪು ಒಂದೇ: ಭಾನುವಾರ ಬಂದು ನೋಡಿದ್ದು. ಆಗ ಅವರು ನಗರದಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅತ್ತೆಯ ಮಂಚ ಬಾಗಿಲಿಗೆ ಅಂಟಿಕೊಂಡಿತ್ತು. ಬರುವವರು ಹೋಗುವವರೆಲ್ಲ ಅವರ ಕಾಲು ದಾಟಿಕೊಂಡೇ ಓಡಾಡಬೇಕು. ಆ ಕಟ್ಟಡ ಕೆಡವುತ್ತಾರೆಂದು ಮಾಲೀಕರು ಹೇಳಿದ ಮೇಲೆ ಹುಡುಕಾಟ ಶುರುವಾಯಿತು. ಗಂಡ ಕೋಲ್ಡ್ ಸ್ಟೋರೇಜಿನ ಯಂತ್ರ ನೋಡಿಕೊಳ್ಳುವವನು. ಅದಿದ್ದದ್ದು ನಗರದಾಚೆಯ ಈ ಸಣ್ಣ ಊರಿನಲ್ಲಿ. ಅವಳ ಆಸ್ಪತ್ರೆ ನಗರದ ನಟ್ಟನಡುವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರ ಕಡೆಗೂ ವಾಲದೆ ನಿಂತವರು ಅತ್ತೆಯೊಬ್ಬರೇ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಆ ಭಾನುವಾರ ಮನೆ ತೋರಿಸಲು ಬಂದ ದಲ್ಲಾಳಿ ಕೀಲಿ ಆಡಿಸುತ್ತಾ, "ನೀವು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸ್ಟೇಷನ್ನು," ಎಂದ. ನಿಜವೇ. ಹಳಿಯ ಆಚೆಗೇ ಸ್ಟೇಷನ್ನಿತ್ತು. ರೈಲ್ವೆ ಗೇಟಿನ ಕಂಬಿ ಆಕಾಶ ನೋಡುತ್ತಾ ನಿಂತಿತ್ತು. ಸೈಕಲ್ಲುಗಳು, ಕೋಳಿಗಳು ನಿರಾಳವಾಗಿ ಹಳಿ ದಾಟುತ್ತಿದ್ದವು. ಮನೆಯೊಳಗೆ ಅತ್ತೆ ಹಿಂಭಾಗದ ಕೋಣೆಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿದರೆ ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಇದು ನನಗಾ?" ಎಂದರು. "ಬಾಗಿಲು ಹಾಕ್ಕೋಬೋದಾ?"

ಆಮೇಲೆ ಬೇರೆ ಮಾತೇ ಬರಲಿಲ್ಲ. ಮನೆ ಗೊತ್ತಾಯಿತು.

ಮನೆಗೆ ಬಂದ ಮೊದಲ ಸೋಮವಾರವೇ ಬಣ್ಣ ಬಯಲಾಯಿತು. ಕೆಲಸದ ದಿನಗಳಲ್ಲಿ, ಸರಿಯಾಗಿ ಅವಳ ರೈಲಿನ ಹೊತ್ತಿಗೆ, ಒಂದು ಗೂಡ್ಸ್ ಗಾಡಿ ಬಂದು ಗೇಟಿಗೆ ಅಡ್ಡಲಾಗಿ ಮಲಗುತ್ತಿತ್ತು. ಅದರಾಚೆ ಅವಳ ರೈಲು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಗೂಡ್ಸಿನ ಡಬ್ಬಿಗಳ ಸಂದಿಯಲ್ಲಿ ಅದರ ಕಿಟಕಿಗಳು ಹಾದುಹೋಗುವುದನ್ನು ನೋಡುತ್ತಾ ನಿಲ್ಲುವುದು ಹಸಿದವನು ಬೇರೆಯವರ ಊಟ ನೋಡುತ್ತಾ ಕೂತ ಹಾಗೆ.

ಅವಳ ಕೆಲಸ ತಡವಾಗಿ ಹೋಗುವ ಕೆಲಸವಲ್ಲ. ಮೂತ್ರಪಿಂಡ ಕೈಕೊಟ್ಟವರ ರಕ್ತ ತೊಳೆಯುವ ಡಯಾಲಿಸಿಸ್ ಯಂತ್ರಗಳನ್ನು ಬೆಳಿಗ್ಗೆ ಮೊದಲು ಎಬ್ಬಿಸುವವಳು ಅವಳು. ಕೊಳವೆಗಳಲ್ಲಿ ನೀರು ಹರಿಸಿ, ಔಷಧದ ವಾಸನೆ ಪೂರ್ತಿ ಹೋಯಿತೇ ಎಂದು ಪರೀಕ್ಷಿಸಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಿದ ಮೇಲೆಯೇ ಮೊದಲ ರೋಗಿ ಕುರ್ಚಿಯಲ್ಲಿ ಒರಗಬಹುದು. ಅವಳು ತಡಮಾಡಿದರೆ ಆ ರೋಗಿಯ ಹೊತ್ತು ಕಡಿಮೆಯಾಗುತ್ತದೆ, ಏಕೆಂದರೆ ಅದೇ ಕುರ್ಚಿಗೆ ಇನ್ನೊಬ್ಬರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಮೊದಲ ಕುರ್ಚಿಯ ನಿವೃತ್ತ ಬಸ್ ಕಂಡಕ್ಟರು ನಗುತ್ತಲೇ ಹೇಳಿದ್ದರು: "ನಿನ್ನ ರೈಲು ಲೇಟಾದ್ರೆ ನನ್ನ ರಕ್ತ ಲೇಟು ಕಣಮ್ಮ. ಕಂಡಕ್ಟ್ರಾಗಿದ್ದಾಗ ನಾನೂ ಬೇಕಾದಷ್ಟು ಜನರನ್ನ ಕಾಯಿಸಿದ್ದೆ. ಈಗ ಬಡ್ಡಿ ಸಮೇತ ವಾಪಸ್ ಬರ್ತಿದೆ." ಹಿರಿಯ ನರ್ಸಮ್ಮ ನಗಲಿಲ್ಲ. "ಇನ್ನೊಂದು ಸಲ ಆದ್ರೆ ಬೆಳಗಿನ ಕೆಲಸಕ್ಕೆ ಬೇರೆಯವರನ್ನ ಹುಡುಕ್ತೀನಿ. ನಿನ್ನ ಮೇಲೆ ಸಿಟ್ಟಿಲ್ಲ. ಆ ಕುರ್ಚೀಲಿ ಕೂತೋರ ಮುಖ ನೋಡಕ್ಕಾಗಲ್ಲ, ಅಷ್ಟೇ."

ಗೇಟಿನ ಬಳಿ ಕಾಯುವವರಲ್ಲಿ ಹಳಬರು ಅವಳಿಗೆ ದಾರಿ ತೋರಿಸಿದರು. ಮುದ್ರಣಾಲಯದ ಉದ್ದಣ್ಣ, ಕಾಲುಚೀಲ ಮಾರುವ ಅಕ್ಕ, ಇನ್ನಿಬ್ಬರು. "ಭಾನುವಾರ ಮನೆ ನೋಡಿದ್ರಾ?" ಎಂದು ಕಾಲುಚೀಲದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಫೋಟೋ ನೋಡಿ ಗಂಡನ್ನ ಒಪ್ಪಿದ ಹಾಗಾಯ್ತು ಬಿಡಿ ಡಾಕ್ಟ್ರಮ್ಮ." ಆಸ್ಪತ್ರೆಯಲ್ಲಿ ಕೆಲಸವೆಂದರೆ ಸಾಕು, ಅವರಿಗೆ ಎಲ್ಲರೂ ಡಾಕ್ಟ್ರಮ್ಮನೇ.

ಅವರ ದಾರಿ ಎಂದರೆ ಎರಡು ಡಬ್ಬಿಗಳ ನಡುವಿನ ಕೊಂಡಿ. ಅದರ ಮೇಲೆ ಕಾಲಿಟ್ಟು ಆಚೆಗೆ ಹಾರುವುದು. ಅದಕ್ಕೊಂದು ಕಟ್ಟುಪಾಡಿತ್ತು. ಕೊಂಡಿಯ ಮೇಲೆ ನಿಂತವರಿಗೆ ಡಬ್ಬಿಗಳು ಅಡ್ಡ, ದೂರದ ಸಿಗ್ನಲ್ ಕಾಣುವುದಿಲ್ಲ. ಆದ್ದರಿಂದ ಒಬ್ಬರು ಈಚೆಯೇ ನಿಂತು ಸಿಗ್ನಲ್ಲಿನ ಮೇಲೆ ಕಣ್ಣು ನೆಟ್ಟು, "ಕೆಂಪು, ಕೆಂಪು, ಕೆಂಪು" ಎಂದು ಬಿಡದೆ ಹೇಳುತ್ತಿರಬೇಕು. ದನಿ ನಿಂತರೆ ಹತ್ತಿದವರು ಇಳಿಯಬೇಕು. ಹಸಿರಾದರೆ ಎಂಜಿನ್ನಿನ ಎಳೆತ ಡಬ್ಬಿಯಿಂದ ಡಬ್ಬಿಗೆ ಓಡಿಬರಲು ಒಂದು ಉಸಿರು ಸಾಕು. ಎಲ್ಲರೂ ದಾಟಿದ ಮೇಲೆ ಹೇಳುತ್ತಿದ್ದವರು ದಾಟಬೇಕು. ಅವರಿಗೆ ಹೇಳುವವರಿಲ್ಲ. ಅದು ಕೊನೆಯವರ ಸರದಿ. ಉದ್ದಣ್ಣನದು ಸೋಮವಾರ. ಅವಳದು ಗುರುವಾರ.

ಅತ್ತೆಗೆ ಇದು ತಿಳಿದದ್ದು ಗೇಟಿನ ಪಕ್ಕದ ಅಂಗಡಿಗೆ ಹಾಲಿಗೆ ಬಂದಾಗ. ಮನೆಗೆ ಹೋಗಿ ರಂಪ ಮಾಡುತ್ತಾರೆಂದು ಅವಳು ಹೆದರಿದ್ದಳು. ಅತ್ತೆ ಮಾತ್ರ ಆ ರಾತ್ರಿ ನೂಲಿನ ಉಂಡೆ ಬಿಡಿಸುತ್ತಾ ತಣ್ಣಗೆ, "ಅವನಿಗೆ ಹೇಳ್ಬೇಡ," ಎಂದರು. "ಹೇಳಿದ್ರೆ ಮನೆ ಬಿಡು ಅಂತಾನೆ." ಸ್ವಲ್ಪ ಹೊತ್ತಿನ ಮೇಲೆ ಉಂಡೆಯನ್ನು ಮುಂದೆ ಹಿಡಿದು, "ಇದು ನೀಲಿನಾ, ಹಸಿರಾ? ಈ ದೀಪಾನೇ ಮಂಕು," ಎಂದರು. ದೀಪ ಚೆನ್ನಾಗಿಯೇ ಇತ್ತು. ಅವಳು ಹಸಿರೆಂದಳು, ಅಷ್ಟಕ್ಕೇ ಮರೆತಳು.

ಈ ಗುರುವಾರ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆಯೂ ಹೊರಟು ನಿಂತಿದ್ದರು.

"ನೀವೆಲ್ಲಿಗೆ?"

"ಹಾಲಿಗೆ."

ಹಾಲಿನ ಪಾತ್ರೆ ಅಡುಗೆಮನೆಯಲ್ಲೇ ಉಳಿದಿತ್ತು.

ಗೇಟಿನ ಬಳಿ ಮಬ್ಬು. ಗೂಡ್ಸಿನ ಡಬ್ಬಿಗಳಿಂದ ಸಿಮೆಂಟಿನ ಪುಡಿ ಉದುರಿ ಜಲ್ಲಿಕಲ್ಲೆಲ್ಲ ಬೂದಿ ಬಣ್ಣ. ಅವಳು ಈಚೆ ನಿಂತು ಕತ್ತು ಚಾಚಿ ಕೆಂಪು, ಕೆಂಪು ಎನ್ನತೊಡಗಿದಳು. ಉದ್ದಣ್ಣ ದಾಟಿದ. ಇನ್ನಿಬ್ಬರು ದಾಟಿದರು. ಕಾಲುಚೀಲದಕ್ಕ ಮೂಟೆಯನ್ನು ಆಚೆಗೆ ಎಸೆದು, ಸೊಂಟ ಹಿಡಿದು ಬೈದುಕೊಳ್ಳುತ್ತಾ ದಾಟಿದಳು. ಆಚೆ ಬದಿಯಲ್ಲಿ ಅವಳ ರೈಲು ಬರುವ ಶಿಳ್ಳೆ ಕೇಳಿಸಿತು.

"ನೀನು ಹತ್ತು," ಎಂದರು ಪಕ್ಕದಲ್ಲಿ ನಿಂತಿದ್ದ ಅತ್ತೆ. "ನಾನು ನೋಡ್ತೀನಿ. ಗುರುವಾರ ನಿನಗೊಬ್ಬಳಿಗೇ ಯಾರೂ ಇರಲ್ಲ ಅಂದ್ರೆ ಏನು ನ್ಯಾಯ?"

"ಬೇಡ ಅತ್ತೆ, ನಾನೇ—"

"ಹತ್ತೇ! ರೈಲು ಹೋಗತ್ತೆ!"

ಅವಳು ಹತ್ತಿದಳು. ಕೊಂಡಿ ತಣ್ಣಗೆ, ಎಣ್ಣೆಗೆ ಜಾರುತ್ತಿತ್ತು. ಹಿಂದಿನಿಂದ ಅತ್ತೆಯ ದನಿ, ಮಗುವಿಗೆ ಪಾಠ ಹೇಳಿಕೊಡುವ ಹಾಗೆ: "ಕೆಂಪು. ಕೆಂಪು. ಕೆಂಪು." ಎಷ್ಟು ಗಟ್ಟಿ, ಎಷ್ಟು ನಿಶ್ಚಿಂತೆ. ಒಂದು ಕಾಲು ಆಚೆಗೆ ಎತ್ತಿಟ್ಟಳು. ಕೆಂಪು, ಕೆಂಪು. ಅದರ ನಡುವೆಯೇ ದೂರದಲ್ಲಿ ಖಣ್ ಎಂದಿತು.

ಹತ್ತಿರದ ಖಣ್ ಕೇಳುವ ಮೊದಲೇ ಅವಳ ಮೈ ಹಿಂದಕ್ಕೆ ಎಗರಿತ್ತು. ಯೋಚಿಸಿ ಎಗರಿದ್ದಲ್ಲ. ಅಂಗೈ, ಮೊಣಕಾಲು ಜಲ್ಲಿಗೆ ತರಚಿದವು. ಮುಖದ ಮುಂದೆ ಕೊಂಡಿ ಬಿಗಿದುಕೊಂಡು ಕಿರುಗುಟ್ಟಿತು, ಚಕ್ರ ಹೊರಳಿತು. ಅತ್ತೆ ಇನ್ನೂ ಹೇಳುತ್ತಲೇ ಇದ್ದರು. "ಕೆಂಪು. ಕೆಂ—"

ಆಚೆ ಕಾಲುಚೀಲದಕ್ಕ ಕೂಗಿದ್ದು ಡಬ್ಬಿಗಳ ಸದ್ದಿನಲ್ಲಿ ತುಂಡು ತುಂಡಾಗಿ ಕೇಳಿಸಿತು. ಬದುಕಿದ್ದೀಯಾ ಎಂದೇನೋ.

ಅವಳು ಎದ್ದು ನಿಂತು ಸಿಗ್ನಲ್ ನೋಡಿದಳು. ಹಸಿರು. ಆಮೇಲೆ ಅತ್ತೆಯನ್ನು ನೋಡಿದಳು. ಅವರ ಕಣ್ಣು ಸಿಗ್ನಲ್ಲಿನ ಕಡೆಗಿರಲಿಲ್ಲ. ಅದಕ್ಕಿಂತ ಬಹಳ ಈಚೆಗಿದ್ದ ದೀಪದ ಕಂಬದ ಕಡೆಗಿತ್ತು. ಅದರಲ್ಲಿ ದೀಪವೂ ಇರಲಿಲ್ಲ.

"ನಿಮಗೆ ಕಾಣಲ್ಲ," ಎಂದಳು.

ಅತ್ತೆ ಸೆರಗಿನಿಂದ ಅವಳ ಅಂಗೈ ಒರೆಸತೊಡಗಿದರು. ಗಾಯದ ಮೇಲಲ್ಲ, ಗಾಯದ ಪಕ್ಕದಲ್ಲಿ ಒರೆಸುತ್ತಿದ್ದರು.

ಆ ದಿನ ಅವಳು ಆಸ್ಪತ್ರೆ ಮುಟ್ಟುವಾಗ ಕಂಡಕ್ಟರು ಕುರ್ಚಿಯಲ್ಲಿ ಕೂತು ಕಾದು ಕಾದು ನಿದ್ದೆಹೋಗಿದ್ದರು. ಅವರಿಗೆ ಸಿಕ್ಕಿದ್ದು ಮುಕ್ಕಾಲು ಹೊತ್ತು. ಹೊರಡುವಾಗ ತಮಾಷೆಯೇನೂ ಮಾಡಲಿಲ್ಲ; ಊದಿದ ಕಾಲಿಗೆ ಚಪ್ಪಲಿ ತೂರಿಸಲು ಹೆಣಗಿ, ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಹೋದರು. ನರ್ಸಮ್ಮ ಅವಳ ತರಚಿದ ಕೈಗೆ ತಾವೇ ಪಟ್ಟಿ ಕಟ್ಟಿದರು. "ಸೋಮವಾರದಿಂದ ನೀನು ನಡ್ಕೊಂಡು ಬರೋ ದೂರದಲ್ಲಿರ್ಬೇಕು. ಇಲ್ಲಾಂದ್ರೆ ಬರ್ಬೇಡ," ಎಂದರು, ಪಟ್ಟಿಯ ಗಂಟು ಬಿಗಿಯುತ್ತಾ. ಗುಡಿಸುವ ಅಕ್ಕನಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ಟೈರ್ ಅಂಗಡಿಯ ಮೇಲೆ, ಒಂದು ಕೋಣೆ ಗೊತ್ತಿತ್ತು. ಒಂದು ಮಂಚ ಹಾಕಿದರೆ ಬಾಗಿಲು ಅರ್ಧ ತೆರೆಯುವಂಥದ್ದು. ಇವತ್ತು ಸಂಜೆಯೊಳಗೆ ಬಂದು ಹೂಂ ಅಂದವರಿಗೆ ಅದು.

ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಬಟ್ಟೆಯ ಚೀಲಕ್ಕೆ ನಾಲ್ಕು ಬಟ್ಟೆ ತುಂಬುವಾಗ ಗಂಡ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತ. ಕೈಯ ಪಟ್ಟಿ ನೋಡಿದ. ಅವಳು ಹೇಳಿದಳು, ಕೊಂಡಿ, ಸರದಿ, ಎಲ್ಲವನ್ನೂ. ಒಂದನ್ನು ಬಿಟ್ಟು.

ಅವನ ಮುಖ ಬೆಳ್ಳಗಾಯಿತು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ, ಹಾಗಂತ ದಿನಾ ದೊಣ್ಣೆ ಕೆಳಗೆ ತಲೆ ಕೊಡ್ತಿದ್ದೆಯಾ? ಸಿಗ್ನಲ್ ಯಾರು ನೋಡ್ತಿದ್ರು?"

"ನಾನೇ. ಸರಿಯಾಗಿ ನೋಡ್ಲಿಲ್ಲ."

ಒಳಕೋಣೆಯ ಬಾಗಿಲು ತೆರೆದಿತ್ತು. ಅತ್ತೆ ಮಂಚದ ಮೇಲೆ ಕೂತಿದ್ದರು. ಯಾರೂ ಅತ್ತ ತಿರುಗಲಿಲ್ಲ.

"ಮೇಲ್ಸೇತುವೆ ಕಟ್ತಿದಾರೆ," ಎಂದ ಗಂಡ. "ಕಂಬ ಎದ್ದಿದೆ. ಅಲ್ಲೀವರೆಗೆ ತಡ್ಕೋ."

"ಕಂಬಕ್ಕೆ ಬಳ್ಳಿ ಹಬ್ಬಿದೆ, ನೀವು ನೋಡಿಲ್ಲ."

"ಸರಿ. ಹಾಗಾದ್ರೆ ಎಲ್ಲರೂ ಅಲ್ಲಿಗೇ ಹೋಗೋಣ."

"ಮತ್ತೆ ಅತ್ತೆಯ ಕಾಲು ದಾಟ್ಕೊಂಡು ಓಡಾಡೋಣ್ವಾ? ಆ ಕೋಣೇಲಿ ದಾಟಕ್ಕೂ ಜಾಗ ಇಲ್ಲ." ಅವಳು ಚೀಲದ ಬಾಯಿ ಕಟ್ಟಿದಳು. "ನಾನೊಬ್ಬಳೇ ಇರ್ತೀನಿ. ಶನಿವಾರ ಬರ್ತೀನಿ."

"ನೀನು ಅಲ್ಲಿ, ನಾವಿಲ್ಲಿ. ಇದೆಂಥ ಸಂಸಾರ?"

"ಬದುಕಿರೋರ ಸಂಸಾರ."

ಅವನು ಕುರ್ಚಿಯ ಮೇಲೆ ಕುಸಿದ. ಆಗ ಒಳಗಿನಿಂದ ದನಿ ಬಂತು.

"ಅವಳಲ್ಲ ಕಣೋ. ಸಿಗ್ನಲ್ ನೋಡಿದ್ದು ನಾನು." ಅತ್ತೆ ಎದ್ದು ಬಂದಿದ್ದರು, ಗೋಡೆಗೆ ಬೆರಳು ಸವರಿಕೊಂಡು. "ನೋಡಿದ್ದಲ್ಲ. ನನಗೆ ಕಂಬಾನೂ ಕಾಣ್ಲಿಲ್ಲ. ಅವಳು ಹೇಳ್ತಿದ್ದುದನ್ನೇ ಹೇಳಿದೆ. ಕೆಲಸ ಹೋದ್ರೆ ಮನೆ ಹೋಗತ್ತೆ, ಮನೆ ಹೋದ್ರೆ ಕೋಣೆ ಹೋಗತ್ತೆ ಅಂತ..."

"ಅಮ್ಮಾ, ಎಷ್ಟು ದಿನದಿಂದ ಕಣ್ಣು—"

"ಈ ಕಿಟಕಿ ಚೆನ್ನಾಗಿ ಕಾಣ್ತಿತ್ತು ಕಣೋ, ಬಂದ ಹೊಸದ್ರಲ್ಲಿ."

ಗಂಡ ತಾಯಿಯ ಮುಖವನ್ನೂ ಹೆಂಡತಿಯ ಕೈಯನ್ನೂ ನೋಡಿದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಹೊಸಿಲನ್ನು ನೋಡಿದ. ಅವಳಿಗೆ ಅತ್ತೆಗೆ ಎರಡು ಮಾತು ಅನ್ನಬೇಕೆನಿಸಿತು. ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿದ್ದ ಮಾತುಗಳು. ಹತ್ತಿರ ಹೋದಳು. ಅತ್ತೆ ಕಣ್ಣು ಮುಚ್ಚಿದರು, ಪೆಟ್ಟು ಬೀಳಲೆಂದು ಕಾದವರಂತೆ. ಅವಳು ಅವರನ್ನು ತೋಳು ಹಿಡಿದು ಕುರ್ಚಿಗೆ ಕೂರಿಸಿ, ಚೀಲ ಎತ್ತಿಕೊಂಡಳು. ಹೊರಗೆ ಗೇಟು ತೆರೆದಿರುವ ಹೊತ್ತು. ಎಷ್ಟು ಹೊತ್ತು ತೆರೆದಿರುತ್ತದೋ ಯಾರಿಗೂ ಗೊತ್ತಿಲ್ಲ.

"ಇವರಿಗೆ ಕಣ್ಣಿನ ಡಾಕ್ಟ್ರು ಯಾವ ದಿನ ಇರ್ತಾರೆ ಅಂತ ನಾನು ಕೇಳ್ತೀನಿ, ನೀವು ರಜ ಹಾಕಿ ಕರ್ಕೊಂಡು ಬನ್ನಿ," ಎಂದಳು, ಮೆಟ್ಟಿಲಿಳಿಯುತ್ತಾ, ಗಂಡ ಹಿಂದೆಯೇ ಬರುತ್ತಿದ್ದಾನೆಂದು ತಿಳಿದೂ ತಿರುಗದೆ. "ಒಬ್ಬರನ್ನೇ ಬೀದಿಗೆ ಕಳಿಸ್ಬೇಡಿ. ಒಲೆ ಹತ್ರ ಅಂತೂ ಬೇಡವೇ ಬೇಡ. ಹಾಲಿನವನಿಗೆ ಮನೆಗೇ ತಂದುಕೊಡು ಅಂತ ಹೇಳಿ, ಇನ್ಮೇಲೆ ಅರ್ಧ ಲೀಟರ್ ಸಾಕು, ಮತ್ತೆ ಕೋಣೆ ಕಿಟಕಿ ಬೆಳಿಗ್ಗೆ ನೀವೇ ತೆಗೆದುಕೊಡಿ, ಆ ಚಿಲಕ ಅವರ ಕೈಗೆ ಸಿಗಲ್ಲ, ಮೇಲಕ್ಕೆ ಒತ್ತಿ ಎಡಕ್ಕೆ—" ಅಷ್ಟರಲ್ಲಿ ಅವಳು ಹಾಲಿನಂಗಡಿ ದಾಟಿ, ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು, ಹಳಿಗಳ ಮೇಲೆ ಕಾಲಿಟ್ಟಿದ್ದಳು.