ಹಲ್ಲು ಡಾಕ್ಟರ ಕೈ

ಹಲ್ಲು ಡಾಕ್ಟರಿಗೆ, ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಪುಡಿಯನ್ನು ಪಾದರಸ ಬೆರೆಸಿ ಬರಿಯ ಅಂಗೈಯಲ್ಲೇ ತಿಕ್ಕಿದರೇನೇ ಸಮಾಧಾನ. ಯಾರಾದರೂ ಕೈಗವಸಿನ ಮಾತೆತ್ತಿದರೆ, "ಹದ ತಿಳಿಯೋದು ಚರ್ಮಕ್ಕೆ ಕಣಪ್ಪ, ರಬ್ಬರಿಗಲ್ಲ" ಎಂದು ನಗುತ್ತಿದ್ದರು. ಬಾಯಿ ತೆರೆದು ಕೂತವರಿಗೆ ಪ್ರಶ್ನೆ ಹಾಕಿ, ಉತ್ತರವನ್ನೂ ತಾವೇ ಹೇಳುತ್ತಿದ್ದರು. ಬರಬರುತ್ತಾ ಅದೇ ಪಾದರಸ ಮೈಗೇರಿ ಕೈ ನಡುಗತೊಡಗಿತು; ರೋಗಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಆದರೂ ದಿನಾ ಬಿಳಿ ಕೋಟು ತೊಟ್ಟು, ಖಾಲಿ ಕುರ್ಚಿ ಒರೆಸಿ ಕಾಯುವರು. ಒಂದು ಬೆಳಿಗ್ಗೆ ಹೆಂಡತಿಯೇ ಆ ಕುರ್ಚಿಯಲ್ಲಿ ಒರಗಿ, "ದವಡೆ ಹಲ್ಲು ನೋಯ್ತಿದೆ, ನೀವೇ ತುಂಬಿ" ಎಂದು ಬಾಯಿ ತೆರೆದರು. ಡಾಕ್ಟರು ಎತ್ತಿದ, ಹುಳುಕು ಕೆದಕುವ ಕೊಕ್ಕೆಯ ತುದಿ ತುಟಿಯ ಹತ್ತಿರ ಅಲುಗಾಡಿತು. ಆಕೆ ಕಣ್ಣು ಮುಚ್ಚಿಕೊಂಡರು, ಬಾಯಿ ಮುಚ್ಚಲಿಲ್ಲ. ಅವರು ಕೊಕ್ಕೆ ಕೆಳಗಿಟ್ಟು, "ಬೇರೆ ಡಾಕ್ಟರ ಹತ್ರ ಹೋಗೋಣ ಕಣೆ, ನಾನೂ ಬರ್ತೀನಿ" ಎಂದು ಕೋಟಿಗೆ ಕೈ ಹಾಕಿದರು. ಗುಂಡಿಗಳು ಬೆರಳಿಗೆ ಸಿಗಲಿಲ್ಲ. ಆಕೆಯೇ ಎದ್ದು ಬಿಚ್ಚಿದರು.