ಪಕ್ಷದ ಠರಾವು, ಟವೆಲ್ ಕೆಳಗಿನ ಮಾತು

ನಿಮ್ಮ ಪಕ್ಷಕ್ಕೆ ಜಾಗತೀಕರಣ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನೆಂದು ಜಿಲ್ಲಾ ಸಮಿತಿಯ ಠರಾವು ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ‘ಜಾಗತೀಕರಣಕ್ಕೆ ಸ್ವಾಗತ, ಆದರೆ ದುಡಿಯುವವರ ಹಿತ ಕಾಯ್ದುಕೊಂಡು’ ಎಂದು ಎಷ್ಟು ಸಲ ಬರೆದೆನೋ. ಆ ಹಿತ ಕಾಯುವವರು ಯಾರು ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು.

ಈ ಸಲ ಗುಮಾನಿ ಮನೆಯೊಳಗೇ ಬಂತು. ಹುಬ್ಬಳ್ಳಿಯಲ್ಲಿ ಅಣ್ಣನದು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು. ಹತ್ತಿರದ ಹಳ್ಳಿ ಹೆಬ್ಬಳ್ಳಿಯ ಕಡೆಯ ಹೆಣ್ಣುಮಕ್ಕಳು ಅಲ್ಲಿ ಹತ್ತಿ ಆರಿಸುತ್ತಾರೆ. ಹೊರದೇಶದ ಹತ್ತಿ ಸುಂಕವಿಲ್ಲದೆ ಬರುತ್ತಲೇ ಇದ್ದರೆ ಮಿಲ್ಲು ನಡೆಯುವುದಿಲ್ಲ. ಕೇಂದ್ರದ ಮುಂದಿನ ಸರಕಾರದಲ್ಲಿ ನಮ್ಮ ಪಕ್ಷದ್ದೂ ಪಾಲಿರುತ್ತದೆ ಎಂಬ ಮಾತು ಜೋರಾಗಿತ್ತು. ಪಕ್ಷ ಸುಂಕ ಹಾಕಿಸುವುದು ಖಾತ್ರಿಯಾದರೆ ಅಣ್ಣ ಹೊಸ ಯಂತ್ರ ಹಾಕುವವನು, ಇಲ್ಲವಾದರೆ ಬಾಗಿಲು ಹಾಕುವವನು.

ವಿದ್ಯಾನಗರದಲ್ಲಿ ನಡೆದ ಪಕ್ಷದ ಸಭೆಗೆ ರಾಜಧಾನಿಯಿಂದ ನಾಯಕರೊಬ್ಬರು ಬಂದರು. ಪರದೇಶದ ಹತ್ತಿಗೆ ಸುಂಕ ಹಾಕಿಸಿಯೇ ತೀರುತ್ತೇವೆ ಎಂದು ಮೇಜು ಗುದ್ದಿದರು. ಮಿಲ್ಲಿನ ಹೆಣ್ಣುಮಕ್ಕಳೂ ಬಂದು ಚಪ್ಪಾಳೆ ತಟ್ಟಿದರು. ನಾಯಕರ ದನಿ ಏರಿದಷ್ಟೂ ನನ್ನ ಅನುಮಾನವೂ ಏರಿತು.

ಊಟಕ್ಕೆ ಅವರು ಅಣ್ಣನ ಮನೆಗೇ ಬಂದರು. ಉಂಡೆದ್ದ ಮೇಲೆ ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದ. ಹತ್ತಿ ಪೇಟೆಯ ಹಳೆಯ ಪದ್ಧತಿ ಅದು: ಮಾರುವವನೂ ಕೊಳ್ಳುವವನೂ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಆಮೇಲೆ ಇಬ್ಬರೂ ಬಾಯಿ ಬಿಡುವುದಿಲ್ಲ. ಅಲ್ಲಿ ಸುಳ್ಳು ಹೇಳಿದವನೊಂದಿಗೆ ಪೇಟೆಯಲ್ಲಿ ಯಾರೂ ಮತ್ತೆ ವ್ಯವಹಾರ ಮಾಡುವುದಿಲ್ಲ.

“ಸಭಾದಾಗ ಹೇಳೂದು ಹೇಳೀರಿ, ಛಲೋ ಆತು. ಈಗ ಇದರ ಕೆಳಗ ಖರೇ ಹೇಳ್ರಿ. ಸುಂಕ ಹಾಕಸ್ತೀರಿ ಅಂದ್ರ ಒಂದು ಬೆರಳು ಹಿಡೀರಿ, ಇಲ್ಲಂದ್ರ ಎರಡು,” ಎಂದ ಅಣ್ಣ.

ನಾಯಕರೂ ಹತ್ತಿ ವ್ಯಾಪಾರಸ್ಥರ ಮನೆತನದವರೇ. ನಗುತ್ತಲೇ ಕೈ ಹಾಕಿದರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಅವರ ಕಾರು ಹೋದ ಮೇಲೆ, “ಎಷ್ಟು ಬೆರಳು, ಅಣ್ಣಾ?” ಎಂದೆ.

“ಹುಚ್ಚ ಅದೀಯೇನು? ಅದನ್ನ ಹೇಳತಾರೇನು?” ಎಂದು ಟವೆಲ್ ಝಾಡಿಸಿದ.

ಮರುದಿನ ಅಣ್ಣ ಯಂತ್ರ ಮಾರುವವರಿಗೆ, ಹೊಸ ಯಂತ್ರ ಬೇಡವೆಂದು ಫೋನ್ ಮಾಡಿದ. ನನಗೆ ಉತ್ತರ ಸಿಕ್ಕಿತು. ಮಿಲ್ಲು ಮುಚ್ಚುವ ವಿಷಯವನ್ನು ಹೆಣ್ಣುಮಕ್ಕಳಿಗೆ ತಿಳಿಸುವ ಕೆಲಸವನ್ನೂ ನನಗೇ ಹಚ್ಚಿದ: “ನಿಮ್ಮ ಪಕ್ಷ, ನೀನ ಹೇಳು.”

ನಾಯಕರ ಮೇಲೆ ಬಂದಷ್ಟೇ ಸಿಟ್ಟು ಅಣ್ಣನ ಮೇಲೂ ಬಂತು. ಮಿಲ್ಲಿನ ಅಂಗಳದಲ್ಲಿ ನಿಂತು, ಸುಂಕ ಬೀಳುವ ಹಾಗೆ ಕಾಣುವುದಿಲ್ಲ, ಈ ಹಂಗಾಮು ಮುಗಿದರೆ ಕೆಲಸವಿಲ್ಲ ಎಂದೆ. ಹಿರಿಯ ಹೆಂಗಸೊಬ್ಬಳು ಸೆರಗಿಗೆ ಅಂಟಿದ ಹತ್ತಿ ಬಿಡಿಸಿಕೊಳ್ಳುತ್ತ ನನ್ನನ್ನೇ ನೋಡಿದಳು.

“ಅವರು ಸಭಾದಾಗ ಹೇಳಿದ್ದನ್ನ ನಾವು ನಂಬಿದ್ವಿ. ನೀವು ನಂಬಿದ್ರೇನ್ರಿ, ಸಾವ್ಕಾರ್ರ?”

“ಇಲ್ಲವ್ವಾ,” ಎಂದೆ.