ಮಿಲ್ಲಿನಕ್ಕ ಬದಲಿಸದ ವೈರು

ಹೋದ ವಾರ ಕಿರುಗಾವಲಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೀದಿಯಿಂದ ರಾಗಿಹಿಟ್ಟಿನ ವಾಸನೆ ಬಂತು. ಆಗಷ್ಟೇ ಮಿಲ್ಲಿನಿಂದ ಉದುರಿ, ಕೈಯಿಟ್ಟರೆ ಸುಡುವಂಥ ಹಿಟ್ಟಿನ ವಾಸನೆ. ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಮಳವಳ್ಳಿಯಲ್ಲಿ ನಮ್ಮ ಮನೆಗೂ ಹಿಟ್ಟಿನ ಮಿಲ್ಲಿಗೂ ನಡುವೆ ಒಂದೇ ಗೋಡೆಯಿತ್ತು. ಗಂಡ ಹೆಂಡತಿ ಸೇರಿ ಮಿಲ್ಲು ನಡೆಸುತ್ತಿದ್ದರು. ಆಕೆಯನ್ನು ಬೀದಿಯವರೆಲ್ಲ ಮಿಲ್ಲಿನಕ್ಕ ಅನ್ನುತ್ತಿದ್ದರು. ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. ಮೋಟರಿನ ಸದ್ದಿನಲ್ಲಿ ಮಾತಾಡಿ ಮಾತಾಡಿ, ಮಿಲ್ಲು ನಿಂತಾಗಲೂ ಕೂಗಿಯೇ ಮಾತು. ನಮ್ಮ ಮನೆಯ ಹಿಟ್ಟನ್ನು ತಾವೇ ಡಬ್ಬಕ್ಕೆ ತುಂಬಿ ತಂದುಕೊಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹಾಡು ಕೇಳುವ ಹುಚ್ಚು. ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರು, ಹಳೆಯ ಕ್ಯಾಸೆಟ್ ಪ್ಲೇಯರು, ಎಲ್ಲ ಒಂದೊಂದಾಗಿ ಕೂಡಿಸಿದ್ದೆ. ಕರೆಂಟಿನ ವೈರು ಬದಲಿಸಿದರೆ ಹಾಡೇ ಬದಲಾಗುತ್ತದೆ ಎಂದು ಯಾರೋ ತಲೆಗೆ ತುಂಬಿದರು. ಹೆಬ್ಬೆರಳು ದಪ್ಪದ ಹೊಸ ವೈರು ತರಿಸಿದೆ. ಆದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಬೇಕಾದರೆ ನನಗೆ ಕಾಣದ ಹಾಗೆ ಬೇರೆಯವರು ಬದಲಿಸಬೇಕಲ್ಲ... ಅಷ್ಟರಲ್ಲಿ ಮಿಲ್ಲಿನಕ್ಕ ಹಿಟ್ಟಿನ ಡಬ್ಬ ಹಿಡಿದು ಬಂದರು.

ಹೇಗೆ ಬದಲಿಸಬೇಕೆಂದು ತೋರಿಸಿಕೊಟ್ಟು, ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಕೂತೆ. ಹಾಡು ನಿಂತಿತು, ಮತ್ತೆ ಶುರುವಾಯಿತು. ಮೂರನೇ ಸಲ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿಸಿತು. "ಇದೇ! ಇದೇ ಹೊಸ ವೈರು!" ಎಂದು ಕೂಗಿದೆ.

ತಿರುಗಿ ನೋಡಿದರೆ ಹೊಸ ವೈರು ಅಕ್ಕನ ಕೈಯಲ್ಲೇ ಇತ್ತು.

"ಹಳೇದು ಬಿಗಿಯಾಗಿತ್ತು ಕಣ್ ಮೇಸ್ಟ್ರೇ, ಬರ್ನೇ ಇಲ್ಲ. ನೀವು ದೇವ್ರ ಮುಂದೆ ಕೂತಂಗೆ ಕೂತಿದ್ರಿ, ಯಾಕ್ ಏಳ್ಸದು ಅಂತ ಬರೀ ಸ್ವಿಚ್ ಆರ್ಸಿ ಆರ್ಸಿ ಆಕ್ದೆ. ಈ ಒತ್ನಲ್ಲಿ ನಮ್ ಯಜಮಾನ್ರು ಟೀ ಕುಡಿಯಕ್ಕೆ ಮಿಲ್ ನಿಲ್ಲುಸ್ತಾರೆ. ಅದ್ಕೇ ಚೆಂದಾಗ್ ಕೇಳ್ತು, ಬುಡಿ!"

ನಗು ತಡೆಯಲಾಗದೆ ನೆಲದ ಮೇಲೇ ಕೂತುಬಿಟ್ಟರು. ನಾನೂ ನಕ್ಕೆ.

ಮಾರನೆಯ ದಿನ ಸೆರಗಿನಲ್ಲಿ ಸುತ್ತಿ ಒಂದು ಕ್ಯಾಸೆಟ್ ತಂದರು. ಅವರು ಮದುವೆಯಾದ ಹೊಸತರಲ್ಲಿ ಯಾವುದೋ ಕಾಲೇಜಿನವರು ತವರಿಗೆ ಹೋಗಿ, ಅವರ ಅವ್ವ ರಾಗಿ ಬೀಸುತ್ತಾ ಹಾಡುವ ಪದಗಳನ್ನು ರೆಕಾರ್ಡ್ ಮಾಡಿ, ಒಂದು ಪ್ರತಿ ಕೊಟ್ಟಿದ್ದರಂತೆ. ಅವ್ವ ಹೋದ ಮೇಲೆ ಅದು ಅಕ್ಕನ ಪಾಲಿಗೆ ಬಂದಿತ್ತು. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ.

ಅವತ್ತು ಸಂತೆ. ರಾಗಿ ಚೀಲಗಳು ಮಿಲ್ಲಿನ ಮುಂದೆ ಸಾಲಾಗಿ ಕೂತಿದ್ದವು. ಆದರೂ ಗಂಡನಿಗೆ ಹೇಳಿ ಮಿಲ್ಲು ನಿಲ್ಲಿಸಿ ಬಂದಿದ್ದರು. ಪದ ಶುರುವಾಯಿತು. ಅಕ್ಕ ಅಳುತ್ತಾರೆಂದು ನಾನು ಅಂದುಕೊಂಡೆ. ಅವರು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ ಬೀಸುವ ಕಲ್ಲಿನ ಸದ್ದನ್ನೇ ಕೇಳುತ್ತಿದ್ದರು.

"ಕಲ್ಲು ತಡ್ದು ತಡ್ದು ತಿರುಗ್ತಾದೆ... ಅವ್ವ ಎಡಗೈಲಿ ಬೀಸ್ತಾವ್ಳೆ ಮೇಸ್ಟ್ರೇ. ಆ ವರ್ಸ ಕುಯ್ಲಲ್ಲಿ ಬಲಗೈಗೆ ಕುಡ್ಲು ತಗುಲಿತ್ತು. ವಾಸಿ ಆಗೋಗಂಟ ನಂಗೆ ಒಂದ್ ಮಾತೂ ಏಳ್ಲಿಲ್ಲ, ಬಸುರಿ ಎದುರ್ಕೋತಾಳೆ ಅಂತ. ಬಂದೋರ್ನ ಬರಿಗೈಲಿ ಕಳಿಸ್ಬಾರ್ದು ಅಂತ ಆ ನೋವಲ್ಲೇ ಪದ ಆಡವ್ಳೆ ನೋಡಿ..."

ನಾನು ಕಿವಿಯಿಟ್ಟು ಕೇಳಿದೆ. ನನಗೆ ಏನೂ ತಿಳಿಯಲಿಲ್ಲ.

ತಮ್ಮ ಮಗಳಿಗೂ ಕೇಳಿಸಬೇಕು, ಫೋನಿಗೆ ಹಾಕಿಕೊಡಿ ಎಂದರು ಅಕ್ಕ. ಅರ್ಧ ಗಂಟೆಯ ಕೆಲಸ. ಆದರೆ ಇಂಥ ಅಪರೂಪದ್ದನ್ನು ಹೇಗೆಂದರೆ ಹಾಗೆ ಇಳಿಸಬಾರದು ಎಂಬ ಹಟ ನನಗೆ ಹತ್ತಿತು. ಈ ವೈರು ಹಾಕಿ ಒಮ್ಮೆ, ಆ ವೈರು ಹಾಕಿ ಒಮ್ಮೆ, ಯಾವುದರಲ್ಲಿ ದನಿ ಶುದ್ಧ ಎಂದು ಹೋಲಿಸುತ್ತ ತಿಂಗಳುಗಳನ್ನು ಕಳೆದೆ. "ಆಯ್ತಾ ಮೇಸ್ಟ್ರೇ?" ಎಂದು ಅಕ್ಕ ಎರಡು ಸಲ ಕೇಳಿದರು. "ಇನ್ನೊಂದು ವಾರ ಅಕ್ಕ" ಎಂದೆ. ಮೂರನೇ ಸಲ ಕೇಳಲಿಲ್ಲ. ಎದೆನೋವೆಂದು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು... ಅಲ್ಲಿಂದ ಮನೆಗೆ ಬರಲಿಲ್ಲ.

ಇದಾಗಿ ಮೂರು ವರ್ಷ. ಮಿಲ್ಲು ಮುಚ್ಚಿತು. ಯಜಮಾನರು ಹನಕೆರೆಯಲ್ಲಿರುವ ಮಗಳ ಮನೆ ಸೇರಿದರು. ಕ್ಯಾಸೆಟ್ ನನ್ನ ಬೀರುವಿನಲ್ಲೇ ಉಳಿಯಿತು. ನಾಚಿಕೆಗೆ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಕಿರುಗಾವಲಿನಿಂದ ಬಂದ ಸಂಜೆಯೇ ಕೈಗೆ ಸಿಕ್ಕ ವೈರು ಹಾಕಿ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿದೆ. ಭಾನುವಾರ ಹನಕೆರೆಗೆ ಹೋದೆ. ಮಗಳು ಜಗುಲಿಯ ಮೇಲೆ ಕೂತು, ಫೋನು ಕಿವಿಗಿಟ್ಟು ಪೂರ್ತಿ ಕೇಳಿದಳು. ಅಜ್ಜಿ ಎಡಗೈಯಲ್ಲಿ ಬೀಸಿದ್ದನ್ನು ಅವಳಿಗೆ ಹೇಳಿದೆ.

"ಅವ್ವ ಇದ್ನ ಕೇಳುದ್ಲಾ ಮೇಸ್ಟ್ರೇ?"

"ಒಂದು ಸಲ ಕೇಳಿದ್ರು ಕಣಮ್ಮ."

"ನಮ್ಗೆ ಕೊಡಕ್ಕೆ ಇಷ್ಟ್ ದಿನ ಯಾಕಾಯ್ತು?"

ಸುಳ್ಳು ಹೇಳಬಹುದಿತ್ತು. "ಒಳ್ಳೆ ವೈರು ಸಿಗಲಿ ಅಂತ ಕಾಯ್ತಿದ್ದೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಫೋನನ್ನು ಪಕ್ಕದಲ್ಲಿ ಕೂತಿದ್ದ ಅಪ್ಪನ ಕಿವಿಗೆ ಹಿಡಿದಳು. ಮುದುಕರು ಕೊನೆಯವರೆಗೂ ಕೇಳಿ, ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಆಕವ್ವ" ಎಂದರು.